ಈ ಹಾವು ಎಲ್ಲಿಂದ ಬಂತು ಸಾರ್?

ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ನ್ಯೂಸ್‌ರೂಮಿನ ವಾಟ್ಸಾಪ್ ನಂಬರಿಗೆ ಎರಡು ಥರದ ವಿಡಿಯೋ ಬರೋಕೆ ಶುರುವಾಗುತ್ತೆ. ಒಂದು, ರಸ್ತೆ ತುಂಬ ಮೊಣಕಾಲುದ್ದ ನೀರು. ಇನ್ನೊಂದು, ಹಾವು. ಸ್ಕೂಟರಿನ ಸೀಟ್ ಕೆಳಗೆ ಹಾವು, ಶೂ ರ್‍ಯಾಕಿನಲ್ಲಿ ಹಾವು, ಬಚ್ಚಲಮನೆ ಪೈಪಿನಲ್ಲಿ ಹಾವು. 2024ರ ಜೂನ್‌ನಲ್ಲಿ ಇದೇ ಬೆಂಗಳೂರಿನಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಪಾರ್ಸೆಲ್ ಡಬ್ಬದ ಟೇಪಿಗೆ ನಾಗರಹಾವು ಅಂಟಿಕೊಂಡಿದ್ದ ವಿಡಿಯೋ ದೇಶವೆಲ್ಲ ಸುತ್ತಿತು. ನಾವೂ ಹಾಕಿದೆವು, ಅಂದು ಅದನ್ನು ಹಾಕದ ಚಾನೆಲ್ ಇರಲಿಲ್ಲ.

ಒಂದು ಸಂಜೆ ಲೈವ್ ಕಾರ್ಯಕ್ರಮಕ್ಕೆ ಜೆ.ಪಿ. ನಗರ ಎಂಟನೇ ಹಂತದಿಂದ ಒಬ್ಬ ಗೃಹಿಣಿ ಕರೆ ಮಾಡಿದರು. ಬೆಳಗ್ಗೆ ಗೇಟಿನ ಪಕ್ಕ ತುಳಸಿಕಟ್ಟೆ ಹತ್ತಿರ ನಾಗರಹಾವು ಹೆಡೆ ಎತ್ತಿ ನಿಂತಿತ್ತಂತೆ. ಹಾವು ಹಿಡಿಯುವವರು ಬಂದು ಹಿಡಿದುಕೊಂಡು ಹೋದರಂತೆ. ಅವರ ಪ್ರಶ್ನೆ ಒಂದೇ: "ಹನ್ನೆರಡು ವರ್ಷದಿಂದ ಇಲ್ಲಿದ್ದೀವಿ ಸಾರ್, ಒಂದು ದಿನಾನೂ ನೋಡಿಲ್ಲ. ಈ ಹಾವು ಎಲ್ಲಿಂದ ಬಂತು?"

ನಾನು ತಕ್ಷಣ ಹೇಳಿಬಿಟ್ಟೆ: "ನಿಮಗೆ ಬನ್ನೇರುಘಟ್ಟ ಹತ್ತಿರ ಅಲ್ವಾಮ್ಮ, ಅಲ್ಲಿಂದಲೇ ಬಂದಿರುತ್ತೆ."

ಕಾರ್ಯಕ್ರಮ ಮುಗಿಸಿ ಹೊರಗೆ ಬರುವಷ್ಟರಲ್ಲಿ ಪರಿಚಯದ ಹಾವು ರಕ್ಷಕರೊಬ್ಬರ ಫೋನ್. ಬನಶಂಕರಿ ಕಡೆಯವರು, ಇಪ್ಪತ್ತು ವರ್ಷದಿಂದ ಅದೇ ಕೆಲಸ. "ಏನ್ ಸಾರ್ ನೀವು, ನಾಗರಹಾವು ಏನು ಬಿಎಂಟಿಸಿ ಬಸ್ ಹತ್ತಿಕೊಂಡು ಬಂತಾ?" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. "ಅದು ಎಲ್ಲಿಂದಲೂ ಬರಲಿಲ್ಲ. ಅಲ್ಲೇ ಇತ್ತು. ಇವರಿಗೆ ಕಂಡಿದ್ದು ಮಾತ್ರ ಇವತ್ತು." ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಾಗಾದರೆ ಹಾವು ಎಲ್ಲಿ ಇರಬೇಕು, ಎಲ್ಲಿ ಇರಬಾರದು ಅನ್ನೋದನ್ನ ತೀರ್ಮಾನ ಮಾಡೋರು ಯಾರು? ಅವತ್ತು ನಾನು ಕೊಟ್ಟ ತಪ್ಪು ಉತ್ತರಕ್ಕೆ ಈ ಲೇಖನ ತಿದ್ದುಪಡಿ ಅಂದುಕೊಳ್ಳಿ.

ಹಾವು, ಹಲ್ಲಿ, ಓತಿಕ್ಯಾತ, ಉಡ, ಆಮೆ, ಮೊಸಳೆ, ಇವೆಲ್ಲ ಸರೀಸೃಪಗಳು. ಇವನ್ನ ಶೀತರಕ್ತದ ಪ್ರಾಣಿ ಅಂತ ಸ್ಕೂಲಿನಲ್ಲಿ ಓದಿದ್ದೇವೆ. ಆ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತೆ. ಮಧ್ಯಾಹ್ನ ಬಂಡೆ ಮೇಲೆ ಕೂತ ಓತಿಕ್ಯಾತದ ರಕ್ತ ನಿಮ್ಮ ರಕ್ತದಷ್ಟೇ ಬೆಚ್ಚಗಿರಬಹುದು. ವ್ಯತ್ಯಾಸ ಇರೋದು ಆ ಬಿಸಿ ಬರೋ ಜಾಗದಲ್ಲಿ. ನಾವು ಊಟ ಮಾಡಿ, ಆ ಊಟವನ್ನ ಒಳಗೇ ಉರಿಸಿ ಮೈ ಬಿಸಿ ಇಟ್ಟುಕೊಳ್ಳುತ್ತೇವೆ. ಒಲೆ ನಮ್ಮ ಒಳಗಿದೆ. ಹಾವಿಗೆ ಒಲೆ ಹೊರಗಿದೆ. ಬಿಸಿಲು, ಬಿಸಿಯಾದ ಕಲ್ಲು, ಬಿಸಿಯಾದ ಟಾರು, ಇವೇ ಅದರ ಒಲೆ. ಚಳಿಯಾದರೆ ಬಿಸಿಲಿಗೆ ಬರಬೇಕು, ಕಾವು ಜಾಸ್ತಿಯಾದರೆ ನೆರಳಿಗೆ, ಬಿಲಕ್ಕೆ ಸರಿಯಬೇಕು. ದಿನವಿಡೀ ಅದರ ಕೆಲಸವೇ ಇದು. "ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ" ಅಂತ ನಮ್ಮ ಹಿರಿಯರು ಗಾದೆ ಮಾಡಿದರಲ್ಲ, ಗೂಟದ ಮೇಲೆ ಅದು ತಲೆ ಆಡಿಸುತ್ತಾ ಕೂರೋದನ್ನ ನೋಡಿಯೇ ಮಾಡಿದ್ದು. ಅದು ಅಲ್ಲಿ ಸಾಕ್ಷಿ ಹೇಳೋಕೆ ಕೂತಿಲ್ಲ. ಮೈ ಕಾಯಿಸಿಕೊಳ್ಳುತ್ತಾ, ಇದು ನನ್ನ ಜಾಗ ಅಂತ ಬೇರೆ ಗಂಡುಗಳಿಗೆ ಸಾರುತ್ತಾ ಇದೆ.

ಒಲೆ ಹೊರಗಿರೋದು ಬಡತನ ಅಂದುಕೊಳ್ಳಬೇಡಿ. ಉಳಿತಾಯ ಅದು. ಅಷ್ಟೇ ತೂಕದ ಒಂದು ಸಸ್ತನಿಗೆ ಬೇಕಾದ ಆಹಾರದಲ್ಲಿ ಹತ್ತನೇ ಒಂದು ಪಾಲು ಇದ್ದರೆ ಹಾವಿನ ಸಂಸಾರ ಸಾಗುತ್ತೆ. ಒಂದು ದೊಡ್ಡ ಹೆಗ್ಗಣ ನುಂಗಿದರೆ ವಾರಗಟ್ಟಲೆ ಸುಮ್ಮನಿರಬಲ್ಲದು. ಅದಕ್ಕೇ ಬೆಕ್ಕು, ನಾಯಿ ಹಸಿವಿನಿಂದ ಸಾಯೋ ಒಣ ಬೆಂಗಾಡಿನಲ್ಲೂ ಹಾವು, ಹಲ್ಲಿ ಬದುಕುತ್ತವೆ. ಆದರೆ ಈ ಉಳಿತಾಯಕ್ಕೆ ಒಂದು ಬೆಲೆ ಇದೆ. ಹೊರಗಿನ ಒಲೆ ಎಲ್ಲಿ ಉರಿಯುತ್ತೋ ಅಲ್ಲಿ ಮಾತ್ರ ಇರಬೇಕು. ಅಂಟಾರ್ಕ್ಟಿಕಾದಲ್ಲಿ ಒಂದು ಹಾವೂ ಇಲ್ಲ. ಐರ್ಲೆಂಡಿನಲ್ಲೂ ಇಲ್ಲ. ಒಬ್ಬ ಸಂತರು ಓಡಿಸಿದರು ಅಂತ ಅಲ್ಲಿನವರ ಕಥೆ. ನಡೆದಿದ್ದು ಬೇರೆ: ಹಿಮಯುಗದಲ್ಲಿ ದ್ವೀಪ ಮಂಜುಗಡ್ಡೆ ಅಡಿ ಇತ್ತು, ಮಂಜು ಕರಗಿದಾಗ ಸುತ್ತ ಸಮುದ್ರ ಬಂದುಬಿಟ್ಟಿತು, ಹಾವುಗಳಿಗೆ ದಾರಿ ಸಿಗಲಿಲ್ಲ. ಅದೇ ಯುರೋಪಿನ ಒಂದು ಮಂಡಲದ ಹಾವು ಉತ್ತರ ಧ್ರುವವೃತ್ತದಾಚೆ, ಸ್ಕ್ಯಾಂಡಿನೇವಿಯಾದಲ್ಲಿ ಕೂಡ ಬದುಕುತ್ತೆ. ಹೇಗೆ? ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ನೆಲದಡಿ ನಿದ್ದೆ. ಮೊಟ್ಟೆ ಇಟ್ಟರೆ ಆ ಚಳಿಗೆ ಒಡೆಯೋದಿಲ್ಲ, ಅದಕ್ಕೆ ಮೊಟ್ಟೆಯನ್ನ ಹೊಟ್ಟೆಯೊಳಗೇ ಇಟ್ಟುಕೊಂಡು, ಬಿಸಿಲಿಗೆ ಮೈ ಕಾಯಿಸಿ ಬೆಳೆಸಿ, ನೇರ ಮರಿ ಹಾಕುತ್ತೆ.

ಯುರೋಪಿನವರೆಗೆ ಯಾಕೆ ಹೋಗಬೇಕು, ನಮ್ಮ ಕರ್ನಾಟಕದ ಮಳೆ ನಕ್ಷೆ ತೆಗೆದು ಮುಂದಿಟ್ಟುಕೊಳ್ಳಿ ಸಾಕು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ. ಬೆಂಗಳೂರಲ್ಲಿ ಸಾವಿರದ ಆಸುಪಾಸು. ಚಳ್ಳಕೆರೆಗೆ ಹೋದರೆ ಐನೂರಕ್ಕೂ ಗತಿಯಿಲ್ಲ. ಈ ಮೂರು ಊರುಗಳ ಹಾವುಗಳ ಪಟ್ಟಿಯೇ ಬೇರೆ ಬೇರೆ. ಆಗುಂಬೆಯ ರಾಜ ಕಾಳಿಂಗ. ರಾಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು, 2008ರಿಂದ ಕಾಳಿಂಗದ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಅದರ ಹಿಂದೆ ಹಿಂದೆ ಓಡಾಡೋ ಕೆಲಸ ಶುರುವಾಯಿತು. ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟೋ ಹಾವು ಜಗತ್ತಿನಲ್ಲಿ ಇದೊಂದೇ. ಮುಂಗಾರಿಗೆ ಮುಂಚೆ ಗೂಡು ಕಟ್ಟಿ, ಮೊಟ್ಟೆ ಇಟ್ಟು, ಮೇಲೆ ಎಲೆ ಮುಚ್ಚುತ್ತೆ. ಎಲೆ ಕೊಳೆಯುವ ಕಾವು, ಕಾಡಿನ ತೇವ, ಇವೆರಡೂ ಸೇರಿದರೆ ಮರಿ. ಬೆಂಗಳೂರಿನ ಒಣಗಾಳಿಯಲ್ಲಿ ಈ ಲೆಕ್ಕ ಕೂಡಿಬರಲ್ಲ. ಅದಕ್ಕೇ "ಬಿಟಿಎಂನಲ್ಲಿ ಕಾಳಿಂಗ ಸರ್ಪ" ಅಂತ ನಿಮಗೆ ವಿಡಿಯೋ ಬಂದರೆ ಫಾರ್ವರ್ಡ್ ಮಾಡೋ ಮುಂಚೆ ಒಂದು ನಿಮಿಷ ನಿಲ್ಲಿ. ಹತ್ತರಲ್ಲಿ ಒಂಬತ್ತು ಸಲ ಅದು ಕೇರೆ ಹಾವು. ಅಂದ ಹಾಗೆ, 2024ರಲ್ಲಿ ಪಿ. ಗೌರಿಶಂಕರ್ ಮತ್ತು ಜೊತೆಗಾರ ವಿಜ್ಞಾನಿಗಳು ಏಷ್ಯಾದ ಕಾಳಿಂಗ ಒಂದೇ ಜಾತಿ ಅಲ್ಲ, ನಾಲ್ಕು ಅಂತ ತೋರಿಸಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಅವರು ಇಟ್ಟ ವೈಜ್ಞಾನಿಕ ಹೆಸರು ಒಫಿಯೋಫೇಗಸ್ ಕಾಳಿಂಗ. ಕನ್ನಡದ ಪದ ಈಗ ಜಗತ್ತಿನ ವಿಜ್ಞಾನ ಪುಸ್ತಕದಲ್ಲಿದೆ. ಇದು ನಿಜವಾಗಿ ಬ್ರೇಕಿಂಗ್ ನ್ಯೂಸ್ ಆಗಬೇಕಿತ್ತು, ನಾವು ಎಷ್ಟು ನಿಮಿಷ ಕೊಟ್ಟೆವು ಅಂತ ಕೇಳಬೇಡಿ.

ಘಟ್ಟದಲ್ಲೇ ಇನ್ನೊಂದು ಗುಂಪಿದೆ, ಮೊಂಡು ಬಾಲದ, ನೆಲ ಕೊರೆದು ಎರೆಹುಳ ತಿಂದು ಬದುಕುವ ಪುಟ್ಟ ಹಾವುಗಳು. ತಂಪಾದ ತೇವದ ಮಣ್ಣು ಬಿಟ್ಟು ಆಚೆ ಕಾಲಿಡೋದಿಲ್ಲ (ಕಾಲು ಎಲ್ಲಿದೆ ಅಂತೀರಾ, ಇರಲಿ). ಒಂದು ಬೆಟ್ಟದ್ದು ಕಣಿವೆಯ ಬಿಸಿ ದಾಟಿ ಪಕ್ಕದ ಬೆಟ್ಟಕ್ಕೆ ಹೋಗಲಾರದು. ಹೀಗೆ ಬೆಟ್ಟ ಬೆಟ್ಟಕ್ಕೂ ಬೇರೆ ಜಾತಿಯೇ ಆಗಿಬಿಟ್ಟಿದೆ. ದಕ್ಷಿಣ ಭಾರತದ ಪರ್ಯಾಯ ದ್ವೀಪ ಮತ್ತು ಶ್ರೀಲಂಕಾ ಬಿಟ್ಟರೆ ಈ ಕುಟುಂಬ ಜಗತ್ತಿನ ಇನ್ನೆಲ್ಲೂ ಇಲ್ಲ. ಇತ್ತ ಕೋಲಾರದ ಕಡೆಯ ಕುರುಚಲು ಕಾಡಿಗೆ ಬಂದರೆ ನಕ್ಷತ್ರ ಆಮೆ, ಉತ್ತರದ ಒಣ ಕಲ್ಲುನೆಲಕ್ಕೆ ಹೋದರೆ ಗರಗಸ ಮಂಡಲ. ಮಳೆ ಗೆರೆ ಎಳೆಯುತ್ತೆ, ಇವು ಗೆರೆಯೊಳಗೆ ಇರುತ್ತವೆ.

ಈಗ ಬೆಂಗಳೂರಿಗೆ ಬನ್ನಿ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಹದಿನೈದು ಡಿಗ್ರಿ ಆಸುಪಾಸು. ಆಗ ಹಾವಿನ ಮೈ ಮರದ ಹಲಗೆ. ಬಿಲ ಬಿಟ್ಟು ಬರೋದು ಕಮ್ಮಿ, ಬಂದರೂ ಹನ್ನೊಂದು ಗಂಟೆ ಬಿಸಿಲಿಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಿಸಿ ಏರುತ್ತಿದ್ದ ಹಾಗೆ ಓಡಾಟ ಶುರು. ಏಪ್ರಿಲ್‌ನಲ್ಲಿ ಇನ್ನೊಂದು ಕಷ್ಟ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು, ಇಲ್ಲಿಯವರೆಗಿನ ದಾಖಲೆ ಅದು. ಆ ಬಿಸಿಯಲ್ಲಿ ಟಾರು ರಸ್ತೆ ದಾಟೋ ಹಾವಿಗೆ ಕೆಲವೇ ನಿಮಿಷದಲ್ಲಿ ಪ್ರಾಣಸಂಕಟ. ಹಗಲು ತಂಪು ಹುಡುಕಿ ಅಡಗುತ್ತೆ, ರಾತ್ರಿ ಹೊರಡುತ್ತೆ. ತಂಪು ಎಲ್ಲಿದೆ? ನಿಮ್ಮ ಸಂಪಿನ ಪಕ್ಕ, ಹೂಕುಂಡದ ಅಡಿ, ನೆರಳಿನಲ್ಲಿ ನಿಂತ ಕಾರಿನ ಕೆಳಗೆ.

ಆಮೇಲೆ ಮಳೆ. ಬಿಲಕ್ಕೆ ನೀರು ನುಗ್ಗುತ್ತೆ. ಅದೇ ಹೊತ್ತಿಗೆ ಸಂಸಾರದ ಕ್ಯಾಲೆಂಡರೂ ತೆರೆಯುತ್ತೆ. ನಾಗರಹಾವು ಬೇಸಿಗೆಯಲ್ಲಿ ಮೊಟ್ಟೆ ಇಟ್ಟರೆ ಸುಮಾರು ಎರಡು ತಿಂಗಳಿಗೆ ಮರಿ. ಕೊಳಕುಮಂಡಲ ಮೊಟ್ಟೆಯನ್ನೇ ಇಡೋದಿಲ್ಲ, ಒಂದೇ ಸಲಕ್ಕೆ ಇಪ್ಪತ್ತರಿಂದ ನಲವತ್ತು ಮರಿ ಹಾಕುತ್ತೆ, ಹೆಚ್ಚಾಗಿ ಜೂನ್, ಜುಲೈನಲ್ಲಿ. ಯಾಕೆ ಆಗಲೇ? ಮಳೆ ಬಿದ್ದ ಮೇಲೆ ಕಪ್ಪೆ, ಹಲ್ಲಿಮರಿ, ಇಲಿಮರಿ ಎಲ್ಲ ಹೇರಳ. ಮರಿಗಳಿಗೆ ಬುತ್ತಿ ಸಿದ್ಧ ಇರೋ ಹೊತ್ತಿಗೇ ತಾಯಿ ಮರಿ ಹಾಕುತ್ತೆ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ವಾಟ್ಸಾಪ್ ನಂಬರಿಗೆ ಪುರುಸೊತ್ತಿಲ್ಲ.

ಹವಾಮಾನ ಊರಿಗೆಲ್ಲ ಒಂದೇ, ಹಾಗಾದರೆ ಮಲ್ಲೇಶ್ವರಕ್ಕಿಂತ ಜೆ.ಪಿ. ನಗರದ ಆ ತುದಿಯಲ್ಲಿ ಹಾವು ಜಾಸ್ತಿ ಯಾಕೆ? ಇಲ್ಲಿ ನೆಲದ ಕಥೆ ಬರುತ್ತೆ. ದಕ್ಷಿಣ ಬೆಂಗಳೂರಿನ ಹೆಸರುಗಳನ್ನೇ ಕೇಳಿ. ಬಿಟಿಎಂ ಲೇಔಟ್ ಅಂತೀವಲ್ಲ, ಎಷ್ಟೋ ಜನ ಅದು ಯಾವುದೋ ಕಂಪನಿ ಹೆಸರು ಅಂದುಕೊಂಡಿದ್ದಾರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿ, ಕೆರೆ, ಗದ್ದೆ, ತೋಟ. ತಾವರೆಕೆರೆ ಅಂತ ಕೆರೆಯ ಹೆಸರೇ ಇದೆ. ಜಯನಗರದಲ್ಲಿ ಯಡಿಯೂರು ಕೆರೆ, ಜೆ.ಪಿ. ನಗರದಲ್ಲಿ ಸಾರಕ್ಕಿ, ಪುಟ್ಟೇನಹಳ್ಳಿ, ಬನ್ನೇರುಘಟ್ಟ ರಸ್ತೆಯಲ್ಲಿ ಅರೆಕೆರೆ, ಹುಳಿಮಾವು, ಬನಶಂಕರಿಯಲ್ಲಿ ಹೊಸಕೆರೆಹಳ್ಳಿ. ಒಂದು ಕೆರೆ ತುಂಬಿದರೆ ಕೋಡಿ ಬಿದ್ದು ಮುಂದಿನ ಕೆರೆಗೆ. ಮಡಿವಾಳದ ನೀರು ಅಗರಕ್ಕೆ, ಅಗರದ್ದು ಬೆಳ್ಳಂದೂರಿಗೆ. ಈ ಕೆರೆಗಳನ್ನ ಜೋಡಿಸೋ ಕಾಲುವೆಯೇ ರಾಜಕಾಲುವೆ. ನಮಗದು ಒತ್ತುವರಿ ಸುದ್ದಿ, ಹಾವಿಗೆ ಅದು ನೈಸ್ ರಸ್ತೆ. ಟೋಲ್ ಕೂಡ ಇಲ್ಲ. ದಡದಲ್ಲಿ ಹುಲ್ಲು, ಕಲ್ಲಿನ ಸಂದು, ಕಪ್ಪೆ, ಮೀನು, ಹೆಗ್ಗಣ. ನೀರೊಳ್ಳೆ, ಕೇರೆ, ನಾಗರ ಮೂರೂ ಅದೇ ದಾರಿ ಹಿಡಿದು ಊರೊಳಗೆ ಓಡಾಡುತ್ತವೆ. ಕೆರೆ ಬತ್ತಿಸಿ ಲೇಔಟ್ ಮಾಡಿದ ಜಾಗದಲ್ಲಿ ಮಳೆಗೆ ನೀರು ಹಳೆಯ ದಾರಿ ಹುಡುಕಿಕೊಂಡು ಬರುತ್ತೆ ಅಂತ ನಾವು ಎಷ್ಟು ಸಲ ತೋರಿಸಿದ್ದೇವೆ? ನೀರಿನ ಜೊತೆ ನೀರೊಳ್ಳೆಯೂ ಬರುತ್ತೆ. ಅದಕ್ಕೆ ವಿಷ ಇಲ್ಲ, ಸಿಟ್ಟು ಮಾತ್ರ ಇದೆ.

ಇನ್ನೊಂದು ಕಲ್ಲು. ಲಾಲ್‌ಬಾಗ್ ಬಂಡೆ ನೋಡಿದ್ದೀರಿ, ಸುಮಾರು 300 ಕೋಟಿ ವರ್ಷದ ಶಿಲೆ ಅದು. ಅದೇ ಬಗೆಯ ಶಿಲೆ ಕನಕಪುರ ರಸ್ತೆ ಪಕ್ಕದ ತುರಹಳ್ಳಿ ಕಾಡಿನಲ್ಲಿ ಗುಂಡುಗುಂಡಾಗಿ ಎದ್ದು ನಿಂತಿದೆ. ಬಂಡೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತೆ. ಬಿರುಕಿನೊಳಗೆ ಅಷ್ಟು ಬಿಸಿಯೂ ಇಲ್ಲ, ಅಷ್ಟು ಚಳಿಯೂ ಇಲ್ಲ. ಹುತ್ತವೂ ಹಾಗೇ. ಗೆದ್ದಲು ಕಟ್ಟಿದ್ದರಲ್ಲಿ ಹಾವು ಸೇರಿಕೊಳ್ಳೋದು ಸೋಮಾರಿತನಕ್ಕಲ್ಲ, ಒಳಗಿನ ಕಾವು ಮತ್ತು ತೇವ ಹೊರಗಿನಷ್ಟು ಏರಿಳಿಯಲ್ಲ ಅಂತ. ನಾಗರಪಂಚಮಿಗೆ ನಾವು ಹಾಲೆರೆಯೋ ಹುತ್ತ ಹಾವಿನ ಪಾಲಿಗೆ ಏಸಿ ರೂಮು. ಆ ಹಾಲು ಮಾತ್ರ ಅದಕ್ಕೆ ಬೇಡ. ಹಾವು ಕುಡಿಯೋದು ನೀರು.

ತುರಹಳ್ಳಿಯ ಆಚೆಗೆ ಬನ್ನೇರುಘಟ್ಟ. ಆದರೆ ಕಾಡಿನ ಹಾವು ಬೇರೆ, ಬಡಾವಣೆಯ ಹಾವು ಬೇರೆ ಅಂತ ಗೋಡೆ ಇಲ್ಲ. ಬನಶಂಕರಿ ಆರನೇ ಹಂತ, ಅಂಜನಾಪುರ, ಜೆ.ಪಿ. ನಗರದ ಎಂಟು, ಒಂಬತ್ತನೇ ಹಂತ, ಇವೆಲ್ಲ ಮೊನ್ನೆ ಮೊನ್ನೆವರೆಗೆ ಹೊಲ, ಕುರುಚಲು, ಗೋಮಾಳ. ಕೊಳಕುಮಂಡಲಕ್ಕೆ ಹೇಳಿ ಮಾಡಿಸಿದ ನೆಲ. ದಟ್ಟ ಕಾಡು ಅದಕ್ಕೆ ಇಷ್ಟ ಇಲ್ಲ, ಹುಲ್ಲುಪೊದೆ ಮತ್ತು ಇಲಿ ಬೇಕು. ಸೈಟು ಮಾಡಿ, ಕೆಲವು ಕಟ್ಟಿ, ಕೆಲವು ಖಾಲಿ ಬಿಟ್ಟರೆ ಖಾಲಿ ಸೈಟೇ ಹೊಲದ ತುಂಡು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರ ಹೋಲಿಸಿ ಹೇಳಿದ ಲೆಕ್ಕ ಕೇಳಿ: 1973ರಿಂದ ನಾಲ್ಕು ದಶಕ ಚಿಲ್ಲರೆ ವರ್ಷದಲ್ಲಿ ಬೆಂಗಳೂರಿನ ಕಟ್ಟಡ ತುಂಬಿದ ಜಾಗ ಹತ್ತು ಪಟ್ಟಿಗೂ ಮಿಕ್ಕಿ ಬೆಳೆದಿದೆ, ಜಲಮೂಲ ಶೇ. 79ರಷ್ಟು ಕರಗಿದೆ. ಇಷ್ಟಾದ ಮೇಲೆ ಎಲ್ಲ ಸರೀಸೃಪಗಳೂ ಹೋಗಬೇಕಿತ್ತಲ್ಲ? ಕೆಲವು ಹೋದವು. ಜಯನಗರದ ಹಳೆಯ ಬ್ಲಾಕುಗಳ ಅಜ್ಜಂದಿರನ್ನ ಕೇಳಿ, ಉಡ ಓಡಾಡಿದ್ದನ್ನ ಹೇಳುತ್ತಾರೆ, ಈಗ ಮೊಮ್ಮಕ್ಕಳಿಗೆ ಉಡ ಅಂದರೆ ಉಡುಗೆ ಅನ್ನೋ ಹಾಗೆ ಕೇಳಿಸುತ್ತೆ. ಇಂಥದ್ದೇ ನೆಲ, ಇಂಥದ್ದೇ ಆಹಾರ ಬೇಕು ಅನ್ನೋವು ಮೊದಲು ಹೋಗುತ್ತವೆ. ಹೊಂದಿಕೊಳ್ಳೋವು ಉಳಿಯುತ್ತವೆ. ನಾಗರ, ಕೇರೆ, ನೀರೊಳ್ಳೆ, ಕೊಳಕುಮಂಡಲ ಉಳಿದವು, ಯಾಕಂದರೆ ನಾವು ಅವಕ್ಕೆ ಬೇಕಾದ ಮೂರನ್ನೂ ಒದಗಿಸಿದೆವು. ಕಸದ ರಾಶಿಯಿಂದ ಹೆಗ್ಗಣ. ಮುಚ್ಚಿದ ಮೋರಿಯಿಂದ ತೇವ. ಕಟ್ಟಡದ ಅವಶೇಷ, ಒಡೆದ ಟೈಲ್ಸ್, ಸೈಜುಗಲ್ಲಿನ ರಾಶಿಯಿಂದ ಬಿರುಕು. ಪ್ರಕೃತಿ 300 ಕೋಟಿ ವರ್ಷದಲ್ಲಿ ಕೊಟ್ಟ ಬಂಡೆಬಿರುಕನ್ನ ನಮ್ಮ ಮೇಸ್ತ್ರಿ ಒಂದು ಲಾರಿ ಲೋಡಿನಲ್ಲಿ ಕೊಟ್ಟುಬಿಟ್ಟ.

ತಮಾಷೆಗೆ ಹೇಳ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಮರಿಯಾ ಠಾಕರ್ ಅವರ ತಂಡ ನಮ್ಮ ಬಂಡೆಯ ಓತಿಕ್ಯಾತಗಳನ್ನ ವರ್ಷಗಟ್ಟಲೆ ನೋಡಿದೆ. ಗಂಡಿಗೆ ಬೆದೆಯ ಕಾಲದಲ್ಲಿ ಬೆನ್ನು ಕೆಂಪು ಕಿತ್ತಳೆ, ಪಕ್ಕ ಕಪ್ಪು, ಖಾಲಿ ಸೈಟಿನ ಕಲ್ಲಿನ ಮೇಲೆ ನೀವೂ ನೋಡಿರುತ್ತೀರಿ. ಇವು ರಾತ್ರಿ ಎಲ್ಲಿ ಮಲಗುತ್ತವೆ ಅಂತ ಹುಡುಕಿದರು. ಹಳ್ಳಿಯಲ್ಲಿ ಬಂಡೆ ಮೇಲೆ. ಊರಲ್ಲಿ? ಕಾಂಕ್ರೀಟಿನ ಮೇಲೆ, ಅದೂ ಬಂಡೆಯ ಹಾಗೇ ಒರಟಾಗಿರೋ ಕಾಂಕ್ರೀಟು ಹುಡುಕಿ. ಇನ್ನೊಂದು ಪ್ರಯೋಗದಲ್ಲಿ ಎರಡು ಅಡಗುತಾಣ ಕೊಟ್ಟು ಯಾವುದು ಸುರಕ್ಷಿತ ಅಂತ ಕಲಿಸಿದರು. ಬೆಂಗಳೂರಿನ ಅಂಚಿನ ಬಡಾವಣೆಯ ಓತಿಕ್ಯಾತಗಳು ಹಳ್ಳಿಯವಕ್ಕಿಂತ ಬೇಗ ಕಲಿತವು. 2019ರ ಅಧ್ಯಯನ ಇದು. ಊರಿನಲ್ಲಿ ಬದುಕಬೇಕು ಅಂದರೆ ಚುರುಕಾಗಬೇಕು, ಬಾಡಿಗೆ ಮನೆ ಹುಡುಕಿದವರಿಗೆಲ್ಲ ಇದು ಗೊತ್ತು.

ಪರದೇಶದವರೂ ಬಂದಿದ್ದಾರೆ. ಗಾಜಿನ ತೊಟ್ಟಿಯಲ್ಲಿ ನಾಣ್ಯದಷ್ಟಿದ್ದಾಗ ಮುದ್ದು ಅಂತ ತಂದ ಕೆಂಪು ಕಿವಿಯ ಆಮೆ ತಟ್ಟೆಯಷ್ಟಾದಾಗ ಸಾಕಲಾರದೆ ಕೆರೆಗೆ ಬಿಡುತ್ತಾರೆ. ಅದರ ಊರು ಅಮೆರಿಕದ ಮಿಸಿಸಿಪಿ ಕಡೆ. ಬೆಂಗಳೂರಿನ ಹವಾ ಮನುಷ್ಯರಿಗೆ ಹಿಡಿಸಿದ ಹಾಗೇ ಅದಕ್ಕೂ ಹಿಡಿಸುತ್ತೆ. ಸ್ಥಳೀಯ ಆಮೆಯ ಬುತ್ತಿಗೆ ಕೈ ಹಾಕುತ್ತೆ. ದಯವಿಟ್ಟು ಬಿಡಬೇಡಿ.

ಇದೆಲ್ಲ ಕುತೂಹಲದ ವಿಷಯ ಅಂತ ಬಿಟ್ಟುಬಿಡಬಹುದಿತ್ತು. ಆದರೆ 2025ರ ಆಗಸ್ಟ್ ಕೊನೆಯಲ್ಲಿ ಬನ್ನೇರುಘಟ್ಟದ ಬಡಾವಣೆಯೊಂದರಲ್ಲಿ ಮನೆ ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿಯೊಳಗೆ ಕೊಳಕುಮಂಡಲ ಸೇರಿಕೊಂಡಿತ್ತು, ಅದನ್ನ ಮೆಟ್ಟಿಕೊಂಡವರು ಉಳಿಯಲಿಲ್ಲ. ಆಗಸ್ಟ್ ಕೊನೆ. ಮರಿ ಹಾಕಿದ ತಿಂಗಳುಗಳ ಲೆಕ್ಕ ಮೇಲೆ ಹೇಳಿದ್ದೆ, ಮತ್ತೊಮ್ಮೆ ನೋಡಿ. ಬೆಚ್ಚಗಿರುವ, ಕತ್ತಲೆಯ, ಮೂರು ಕಡೆ ಮುಚ್ಚಿದ ಜಾಗ. ಹಾವಿನ ಕಣ್ಣಿಗೆ ಅದು ಚಪ್ಪಲಿ ಅಲ್ಲ, ಬಿಲ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ವರ್ಷಕ್ಕೆ 58 ಸಾವಿರ. ಅದರಲ್ಲಿ ದೊಡ್ಡ ಪಾಲು ಕೊಳಕುಮಂಡಲದ್ದು. ಇಲ್ಲಿ ಹವಾಮಾನ ಇನ್ನೊಂದು ಆಟ ಆಡುತ್ತೆ. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ದೇಶದ 34 ಕಡೆಗಳ 115 ಕೊಳಕುಮಂಡಲಗಳ ವಿಷ ಪರೀಕ್ಷಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದೇ ಜಾತಿಯ ಹಾವು, ಆದರೆ ವಿಷ ಊರೂರಿಗೆ ಬೇರೆ. ಆ ವ್ಯತ್ಯಾಸದಲ್ಲಿ ಒಂದು ಭಾಗವನ್ನ ಆ ಜಾಗದ ಉಷ್ಣತೆ, ಮಳೆ ನೋಡಿಯೇ ಹೇಳಬಹುದು. ಒಣ ಪ್ರದೇಶದ ಹಾವಿನ ವಿಷದಲ್ಲಿ ಮಾಂಸ ಕರಗಿಸುವ, ರಕ್ತ ಕೆಡಿಸುವ ಬಗೆಯ ಕಿಣ್ವದ ಚಟುವಟಿಕೆ ಹೆಚ್ಚು. ನಮಗೇನು ಅಂತೀರಾ? ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಬರೋದು ತಮಿಳುನಾಡಿನ ಇರುಳರ ಸಹಕಾರ ಸಂಘ ಹಿಡಿದ ಹಾವುಗಳಿಂದ. ಆ ಪ್ರದೇಶದ ವಿಷಕ್ಕೆ ಮಾಡಿದ ಮದ್ದು ಬೇರೆ ಪ್ರದೇಶದ ವಿಷಕ್ಕೆ ಅಷ್ಟೇ ಚೆನ್ನಾಗಿ ಕೆಲಸ ಮಾಡಬೇಕು ಅಂತೇನಿಲ್ಲ. ಈಗಿರುವುದು ಅದೊಂದೇ, ಅದನ್ನೇ ಕೊಡಬೇಕು, ಬೇಗ ಕೊಡಬೇಕು. ಪ್ರದೇಶಕ್ಕೆ ತಕ್ಕ ಪ್ರತಿವಿಷ ಬೇಕು ಅನ್ನೋದು ವಿಜ್ಞಾನಿಗಳ ಬೇಡಿಕೆ. ಸರ್ಕಾರ ಅದನ್ನ ಕೇಳಿಸಿಕೊಳ್ಳಬೇಕು. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಒಳ್ಳೆ ಹೆಜ್ಜೆ. ಎಲ್ಲಿ, ಯಾವಾಗ, ಯಾವ ಹಾವು ಅನ್ನೋ ಲೆಕ್ಕವೇ ಇಲ್ಲದೆ ಮದ್ದು ಎಲ್ಲಿಗೆ ಕಳಿಸೋದು?

ಕಚ್ಚಿದರೆ ಏನು ಮಾಡಬೇಕು ಅನ್ನೋದನ್ನ ಸಿನಿಮಾದಿಂದ ಕಲಿತಿದ್ದೀವಿ, ಅದೆಲ್ಲ ಮರೆತುಬಿಡಿ. ಬ್ಲೇಡ್ ಹಾಕಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿದು ಕಟ್ಟಬೇಡಿ, ಮಂತ್ರ ಹಾಕಿಸೋಕೆ ಹೋಗಬೇಡಿ. ಉಂಗುರ, ಗೆಜ್ಜೆ, ವಾಚು ತೆಗೆಯಿರಿ, ಊದಿಕೊಂಡರೆ ಕಷ್ಟ. ಕಚ್ಚಿದ ಕೈ ಕಾಲು ಅಲುಗಾಡಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಹೋಗಿ. ಹಾವನ್ನ ಹಿಡಿದು ತರಬೇಕಾಗಿಲ್ಲ. ರಕ್ತವನ್ನ ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತಾ ಅಂತ ನೋಡಿದರೆ ವೈದ್ಯರಿಗೆ ಮಂಡಲದ ವಿಷ ಗೊತ್ತಾಗುತ್ತೆ. ಇನ್ನು ಕಟ್ಟುಹಾವಿನ ಕಡಿತಕ್ಕೆ ನೋವೇ ಇರೋದಿಲ್ಲ, ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚಿದ್ದೇ ತಿಳಿಯೋದಿಲ್ಲ. ನೋವಿಲ್ಲ ಅಂತ ಮನೆಯಲ್ಲಿ ಕೂರಬೇಡಿ.

ಮತ್ತೆ, ಕೇರೆ ಹಾವನ್ನ ಹೊಡೆಯಬೇಡಿ. ಎಲ್ಲ ಹಾವಿಗೂ ಕಾನೂನಿನ ರಕ್ಷಣೆ ಇದೆ ಅನ್ನೋದು ಒಂದು. ನಿಮ್ಮ ಬೀದಿಯ ಹೆಗ್ಗಣ ತಿನ್ನೋದು ಅದೇ ಅನ್ನೋದು ಇನ್ನೊಂದು. ಎರಡು ಹಾವು ಸುತ್ತಿಕೊಂಡು ಎದ್ದು ನಿಂತ ವಿಡಿಯೋವನ್ನ "ಸರ್ಪಗಳ ಸರಸ" ಅಂತ ಹಾಡು ಹಾಕಿ ನಾವೇ ಎಷ್ಟೋ ಸಲ ತೋರಿಸಿದ್ದೇವೆ. ಅದು ಎರಡು ಗಂಡು ಕೇರೆಗಳ ಕುಸ್ತಿ. ಇದಕ್ಕೂ ನನ್ನ ಕಡೆಯಿಂದ ಒಂದು ತಿದ್ದುಪಡಿ.

ಬಿಸಿ ಇನ್ನೂ ಏರಿದರೆ? ಆಮೆ, ಮೊಸಳೆಗಳಲ್ಲಿ ಮರಿ ಗಂಡೋ ಹೆಣ್ಣೋ ಅನ್ನೋದನ್ನ ಮೊಟ್ಟೆ ಹೂತ ಮಣ್ಣಿನ ಕಾವು ತೀರ್ಮಾನಿಸುತ್ತೆ. ಕಡಲಾಮೆಗೆ ಮರಳು ಬಿಸಿಯಾದಷ್ಟೂ ಹೆಣ್ಣು ಜಾಸ್ತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದಲ್ಲಿ ಎಳೆಯ ಹಸಿರು ಕಡಲಾಮೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೆಣ್ಣು ಅಂತ 2018ರಲ್ಲಿ ವರದಿಯಾಯಿತು. ಹೊನ್ನಾವರದ ಕಡಲತೀರದಲ್ಲೂ ಕಡಲಾಮೆ ಮೊಟ್ಟೆ ಇಡುತ್ತೆ. ಘಟ್ಟದ ಆ ಮೊಂಡು ಬಾಲದ ಹಾವುಗಳು ತಂಪು ಹುಡುಕಿ ಮೇಲೆ ಮೇಲೆ ಹೋಗಬೇಕು, ಬೆಟ್ಟದ ತುದಿ ಮುಗಿದ ಮೇಲೆ ಹೋಗೋಕೆ ಜಾಗ ಇಲ್ಲ.

ಎಂಟನೇ ಹಂತದ ಆ ಗೃಹಿಣಿಗೆ ಮಾರನೇ ವಾರ ನಾನೇ ಫೋನ್ ಮಾಡಿದೆ. ಪಕ್ಕದಲ್ಲಿ ಏನಿದೆ ಅಂತ ಕೇಳಿದೆ. ಎಡಗಡೆ ಖಾಲಿ ಸೈಟು, ಹನ್ನೆರಡು ವರ್ಷದಿಂದ ಹುಲ್ಲು ಬೆಳೆದಿತ್ತಂತೆ, ಮೂಲೆಯಲ್ಲಿ ಒಂದು ಹುತ್ತವೂ ಇತ್ತಂತೆ. ಹದಿನೈದು ದಿನದ ಹಿಂದೆ ಜೆಸಿಬಿ ಬಂದು ಪಾಯ ತೆಗೆದಿದೆ. ಅಗೆದ ಮಣ್ಣು, ಕಲ್ಲು ಇವರ ಕಾಂಪೌಂಡಿಗೆ ತಾಗಿ ರಾಶಿ ಬಿದ್ದಿದೆ. ಹಾವು ಹಿಡಿದವರು ಅದನ್ನ ದೂರ ಒಯ್ಯಲಿಲ್ಲವಂತೆ, ಗೊತ್ತಿಲ್ಲದ ಜಾಗದಲ್ಲಿ ಬಿಟ್ಟರೆ ಬಿಲ, ನೀರು ಹುಡುಕುತ್ತಾ ಅಲೆದು ಸಾಯುತ್ತೆ ಅಂತ ಹೇಳಿ ಹತ್ತಿರದ ಕಾಲುವೆಯಾಚೆ, ಮನೆಗಳಿಲ್ಲದ ಪೊದೆಯಲ್ಲಿ ಬಿಟ್ಟರಂತೆ.

"ಮತ್ತೆ ಬರುತ್ತಾ ಸಾರ್?" ಅಂದರು.

ಕಾಂಪೌಂಡಿಗೆ ತಾಗಿದ ಕಲ್ಲಿನ ರಾಶಿ ಎತ್ತಿಸೋಕೆ ಪಕ್ಕದ ಸೈಟಿನವರಿಗೆ ಹೇಳಿ, ಗೇಟಿನ ಕೆಳಗಿನ ಸಂದಿಗೆ ಜಾಲರಿ ಹಾಕಿಸಿ, ಚಪ್ಪಲಿ ಸ್ಟ್ಯಾಂಡ್ ಒಳಗೆ ತನ್ನಿ, ರಾತ್ರಿ ಗೇಟಿಗೆ ಹೋಗುವಾಗ ಟಾರ್ಚ್ ಹಿಡಿಯಿರಿ ಅಂದೆ. ಸ್ಟ್ಯಾಂಡ್ ಅವತ್ತೇ ಒಳಗೆ ತಂದಿದ್ದರಂತೆ. ಕಲ್ಲಿನ ರಾಶಿ ಮಾತ್ರ ಇನ್ನೂ ಅಲ್ಲೇ ಇದೆ.